ಶಾರ್ಪ್ ಆಬ್ಜೆಕ್ಟ್ಸ್ ಓದಬೇಕಾ, ಘಾಚರ್ ಘೋಚರ್ ಓದಬೇಕಾ?

ಎರಡೂ ಮನೆಯೊಳಗಿನ ಗುಟ್ಟಿನ ಕಥೆಗಳೇ. ಗಿಲಿಯನ್ ಫ್ಲಿನ್ ಅವರ 2006ರ ಕಾದಂಬರಿ ‘ಶಾರ್ಪ್ ಆಬ್ಜೆಕ್ಟ್ಸ್’ನಲ್ಲಿ ಶಿಕಾಗೋದ ವರದಿಗಾರ್ತಿಯೊಬ್ಬಳು ಕೊಲೆಗಳ ಬೆನ್ನುಹತ್ತಿ ತವರೂರಿಗೆ ಬರುತ್ತಾಳೆ. ಕೊಂದವರು ಯಾರು ಎಂಬ ಕುತೂಹಲ ಬೇಕಿದ್ದರೆ ಇದು ಸರಿ. ಮೈಮೇಲೆ ಗಾಯ ಮಾಡಿಕೊಳ್ಳುವ ವಿವರಗಳಿವೆ, ತಡೆಯಲಾಗದವರಿಗೆ ಬೇಡ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಪತ್ತೇದಾರಿಕೆ ಇಲ್ಲ. ಕಥೆ ಹೇಳುವವನ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ. ಇರುವೆ ಮುತ್ತುವ ಸಣ್ಣ ಮನೆ ಬಿಟ್ಟು ಮನೆಯವರೆಲ್ಲ ದೊಡ್ಡ ಮನೆಗೆ ಬರುತ್ತಾರೆ. ದುಡ್ಡು ಉಳಿಸಿಕೊಳ್ಳಲು ಈ ಜನ ಎಲ್ಲಿಯವರೆಗೆ ಹೋದಾರು ಎಂಬ ಅನುಮಾನ ಮೆಲ್ಲಗೆ ಹತ್ತುತ್ತದೆ. ಸೊಸೆಗೆ ಏನಾಯಿತು ಅಂತ ಲೇಖಕರು ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಜಾಸ್ತಿ ಭಯ ಆಗಿದ್ದು ಅದಕ್ಕೇ. ಪುಸ್ತಕವೂ ಸಣ್ಣದು. ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡ-ಹುಬ್ಬಳ್ಳಿ ಓಡಾಡುವವರು ದಾರಿಯಲ್ಲೇ ಓದಿ ಮುಗಿಸಬಹುದು. ಮೊದಲು ಇದನ್ನೇ ತಗೊಳ್ಳಿ.