ಡೈರ್‌ವುಲ್ಫ್ ಜೊತೆ ನಾಲ್ಕು ಮಳೆಗಾಲ: ಮನೆಯ ತಾರಸಿಯ ಎಪಿಆರ್‌ಎಸ್ ಸ್ಟೇಷನ್

ಅಂಕ: 5ಕ್ಕೆ 4½

ಸಲಕರಣೆ: ರಾಸ್ಪ್‌ಬೆರಿ ಪೈ 3ಬಿ ಎಂಬ ಪುಟ್ಟ ಕಂಪ್ಯೂಟರ್, ಸಿಎಂ108 ಚಿಪ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಮೊದಲು ಬಾವೊಫೆಂಗ್ ಯುವಿ-5ಆರ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ), ಆಮೇಲೆ 25 ವ್ಯಾಟ್‌ನ ವಿಎಚ್‌ಎಫ್ ಮೊಬೈಲ್ ಸೆಟ್, ತಾರಸಿಯಲ್ಲಿ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್ ಆಂಟೆನಾ.

ಎಪಿಆರ್‌ಎಸ್ ಗೊತ್ತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಬಾಬ್ ಬ್ರುನಿಂಗಾ (ಡಬ್ಲ್ಯೂಬಿ4ಎಪಿಆರ್) ರೂಪಿಸಿದ ಈ ವ್ಯವಸ್ಥೆಯಲ್ಲಿ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ) ಸ್ಟೇಷನ್ನುಗಳು ತಾವಿರುವ ಜಾಗ, ಹವಾಮಾನ, ಚಿಕ್ಕ ಸಂದೇಶಗಳನ್ನು ಪ್ಯಾಕೆಟ್ ಮಾಡಿ ಬಿಡುತ್ತವೆ. ವೇಗ 1200 ಬಾಡ್, ಬಳಸುವ ಸ್ವರ ಎರಡು: 1200 ಹರ್ಟ್ಸ್ ಮತ್ತು 2200 ಹರ್ಟ್ಸ್. ಕೇಳಿದ ಪ್ಯಾಕೆಟ್ಟನ್ನು ಮತ್ತೆ ಗಾಳಿಗೇ ಬಿಡುವುದು ಡಿಜಿಪೀಟರ್, ಇಂಟರ್ನೆಟ್ಟಿನ ಎಪಿಆರ್‌ಎಸ್-ಐಎಸ್ ಜಾಲಕ್ಕೆ ದಾಟಿಸುವುದು ಐಗೇಟ್. ಹಿಂದೆ ಇದಕ್ಕೆ ಟಿಎನ್‌ಸಿ ಎಂಬ, ಪ್ಯಾಕೆಟ್ಟನ್ನು ಸ್ವರವಾಗಿ, ಸ್ವರವನ್ನು ಪ್ಯಾಕೆಟ್ಟಾಗಿ ಬದಲಿಸುವ ಪ್ರತ್ಯೇಕ ಡಬ್ಬಿ ಬೇಕಿತ್ತು. ಜಾನ್ ಲ್ಯಾಂಗ್ನರ್ (ಡಬ್ಲ್ಯೂಬಿ2ಒಎಸ್‌ಝಡ್) ಬರೆದ ಡೈರ್‌ವುಲ್ಫ್ ಆ ಡಬ್ಬಿಯ ಕೆಲಸವನ್ನೆಲ್ಲ ಸೌಂಡ್ ಕಾರ್ಡಿನಲ್ಲೇ ಮುಗಿಸುತ್ತದೆ. ಉಚಿತ, ಮುಕ್ತ ತಂತ್ರಾಂಶ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದಲ್ಲಿ ಸ್ಟೇಷನ್ ನಿಂತ ಯಾವ ಸಲವೂ ತಪ್ಪು ಡೈರ್‌ವುಲ್ಫ್‌ನದಾಗಿರಲಿಲ್ಲ. ಆಡಿಯೊ ಮಟ್ಟ, ಪಿಟಿಟಿ ತಂತಿ (ರೇಡಿಯೊವನ್ನು ಪ್ರಸಾರಕ್ಕೆ ಹಚ್ಚುವ ತಂತಿ), ಐದು ವೋಲ್ಟಿನ ಅಡಾಪ್ಟರ್, ಕನೆಕ್ಟರಿನೊಳಗೆ ಇಳಿದ ನೀರು, ಈ ನಾಲ್ಕರಲ್ಲಿ ಒಂದು. ಹಾಗಾಗಿ ಈ ವಿಮರ್ಶೆಯ ಮುಕ್ಕಾಲು ಪಾಲು ತಂತ್ರಾಂಶದ ಸುತ್ತ ಇರುವ ವಸ್ತುಗಳ ಬಗ್ಗೆಯೇ ಇದೆ.

ಮೊದಲ ತಿಂಗಳು ಪ್ರಸಾರದ ತಂತಿ ಜೋಡಿಸಲೇಬೇಡಿ. ಬರೀ ಕೇಳುವ ಐಗೇಟ್ ಆಗಿ ಓಡಲಿ. ರೇಡಿಯೊ ಇಲ್ಲದಿದ್ದರೆ ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಸಾಕು: ಆರ್‌ಟಿಎಲ್_ಎಫ್‌ಎಂ ತಂತ್ರಾಂಶದ ಔಟ್‌ಪುಟ್ಟನ್ನು ಪೈಪ್ ಮೂಲಕ ಡೈರ್‌ವುಲ್ಫ್‌ಗೆ ಕೊಟ್ಟು, ಸ್ಯಾಂಪಲ್ ದರ 24000 ಎಂದು ತಿಳಿಸಿದರೆ ಆಯಿತು. ಆವರ್ತನ ಉತ್ತರ ಅಮೆರಿಕದಲ್ಲಿ 144.390 ಮೆಗಾಹರ್ಟ್ಸ್, ಯುರೋಪಿನಲ್ಲಿ 144.800. ಅಲ್ಲಿ ನೆಲೆಸಿರುವ ನಮ್ಮವರು ಅದನ್ನೇ ಹಾಕಿಕೊಳ್ಳಬೇಕು. ಇಲ್ಲಿ ನಿಮ್ಮ ಊರಿನ ಹ್ಯಾಮ್‌ಗಳು ಯಾವುದರಲ್ಲಿ ಇದ್ದಾರೋ ಅದರಲ್ಲಿ ಕೂರಿ. ಒಬ್ಬರೇ ಬೇರೆ ಆವರ್ತನದಲ್ಲಿ ಐಗೇಟ್ ನಡೆಸಿದರೆ ಯಾರಿಗೂ ಉಪಯೋಗವಿಲ್ಲ. ಬಾಹ್ಯಾಕಾಶ ನಿಲ್ದಾಣದ ಡಿಜಿಪೀಟರಿನ 145.825 ಕೂಡ ಇದೇ ಸೆಟಪ್ಪಿನಲ್ಲಿ ಕೇಳುತ್ತದೆ. ನಿಲ್ದಾಣ ತಲೆಯ ಮೇಲೆ ಹಾಯುವ ಹೊತ್ತಿಗೆ ಪರೀಕ್ಷೆ ಮಾಡಿ, ಪಕ್ಕದೂರಿನಲ್ಲಿ ಯಾರೂ ಇಲ್ಲದವರಿಗೆ ಅದೇ ದೊಡ್ಡ ಆಸರೆ. ಪ್ರಸಾರಕ್ಕೆ ಲೈಸೆನ್ಸ್ ಮತ್ತು ಕಾಲ್‌ಸೈನ್ ಕಡ್ಡಾಯ ಎಂದು ಬೇರೆ ಹೇಳಬೇಕಿಲ್ಲ.

ಈಗ ಆಡಿಯೊ. "ಡಿಕೋಡ್ ಆಗುತ್ತಿಲ್ಲ" ಎನ್ನುವವರ ಪೈಕಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಡೈರ್‌ವುಲ್ಫ್ ಒಂದು ಸಾಲು ಬರೆಯುತ್ತದೆ, ಅದರಲ್ಲಿ "ಆಡಿಯೊ ಲೆವೆಲ್ = 48(14/7)" ಎಂಬಂತೆ ಮೂರು ಸಂಖ್ಯೆ ಇರುತ್ತವೆ. ಮೊದಲನೆಯದು ಒಟ್ಟು ಮಟ್ಟ. ಬಹುಪಾಲು ಸ್ಟೇಷನ್ನುಗಳಿಗೆ 50ರ ಆಸುಪಾಸಿನಲ್ಲಿ ಇರಬೇಕು. ಆವರಣದೊಳಗಿನವು ಕೆಳಸ್ವರ ಮತ್ತು ಮೇಲ್ಸ್ವರದ ಬಲ. ಮೇಲಿನ ಉದಾಹರಣೆಯಲ್ಲಿ 2200ರ ಸ್ವರ 1200ರ ಅರ್ಧಕ್ಕೆ ಇಳಿದಿದೆ. ಸ್ಪೀಕರ್ ಜಾಕಿನಿಂದ ಆಡಿಯೊ ತೆಗೆದಾಗ ರಿಸೀವರಿನ ಡಿ-ಎಂಫಸಿಸ್ ಮೇಲ್ಸ್ವರವನ್ನು ತಗ್ಗಿಸುತ್ತದೆ. ಕಳುಹಿಸುವವರು ಪ್ರಿ-ಎಂಫಸಿಸ್ (ಮೇಲ್ಸ್ವರವನ್ನು ಮೊದಲೇ ಏರಿಸಿ ಕಳುಹಿಸುವುದು) ಇಲ್ಲದ ಡೇಟಾ ಪೋರ್ಟಿನಿಂದ ಬಿಟ್ಟಿದ್ದರೆ ಅದು ಹೀಗೆ ಅರ್ಧವಾಗಿ ಕಾಣುತ್ತದೆ. ಒಂದೆರಡು ಸ್ಟೇಷನ್ನಿಗೆ ಮಾತ್ರ ಹೀಗಾದರೆ ಬಿಟ್ಟುಬಿಡಿ, ಡೈರ್‌ವುಲ್ಫ್ ಅಷ್ಟನ್ನು ಸಂಭಾಳಿಸುತ್ತದೆ. ಎಲ್ಲ ಸ್ಟೇಷನ್ನಿಗೂ ಹೀಗೇ ಇದ್ದರೆ ನಿಮ್ಮ ಕಡೆಯ ತಂತಿ, ಕೆಪಾಸಿಟರ್ ನೋಡಿ. ಇನ್ನೊಂದು ಎಚ್ಚರ: ಪ್ಯಾಕೆಟ್ ಡಿಜಿಪೀಟರ್ ಮೂಲಕ ಬಂದಿದ್ದರೆ ಆ ಮಟ್ಟ ಕೊನೆಯ ಡಿಜಿಪೀಟರಿನದು, ಮೂಲ ಸ್ಟೇಷನ್ನಿನದಲ್ಲ.

ಹೊಂದಿಸುವ ಕ್ರಮ ಇದು. ಆಲ್ಸಾಮಿಕ್ಸರ್ (ಲಿನಕ್ಸಿನಲ್ಲಿ ಆಡಿಯೊ ಮಟ್ಟ ಹೊಂದಿಸುವ ತಂತ್ರಾಂಶ) ತೆರೆದು ಎಫ್6 ಒತ್ತಿ ಯುಎಸ್‌ಬಿ ಕಾರ್ಡ್ ಆರಿಸಿ. ಎಫ್5 ಒತ್ತಿದರೆ ಕ್ಯಾಪ್ಚರ್ ಸೇರಿ ಎಲ್ಲ ಕಂಬಗಳೂ ಕಾಣುತ್ತವೆ. ಅಲ್ಲಿ "ಆಟೊ ಗೇನ್ ಕಂಟ್ರೋಲ್" ಎಂಬ ಕಂಬ ಇದ್ದರೆ ಅದರ ಮೇಲೆ ನಿಂತು ಎಂ ಕೀಲಿ ಒತ್ತಿ ಮುಚ್ಚಿಬಿಡಿ. ಅದು ಚಾಲೂ ಇದ್ದರೆ ಪ್ಯಾಕೆಟ್ಟುಗಳ ನಡುವಿನ ಗದ್ದಲಕ್ಕೆ ಗೇನ್ ತಾನೇ ಬದಲಾಗಿ, ಪ್ಯಾಕೆಟ್ಟಿನ ಮೊದಲ ಅಕ್ಷರಗಳು ಒಡೆದುಹೋಗುತ್ತವೆ. ಆಮೇಲೆ ಮಟ್ಟ ಸರಿಮಾಡಿ, "ಆಲ್ಸಾಸಿಟಿಎಲ್ ಸ್ಟೋರ್" ಕೊಟ್ಟು ಉಳಿಸಿ. ಮರೆತರೆ ಮುಂದಿನ ಬೂಟಿಗೆ ಎಲ್ಲ ಹಳೆಯ ಜಾಗಕ್ಕೆ. ಕಾರ್ಡನ್ನು ಸಂಖ್ಯೆಯಿಂದ ಕರೆಯದೆ ಹೆಸರಿನಿಂದಲೇ ಕರೆಯಿರಿ. ಎಚ್‌ಡಿಎಂಐ ಆಡಿಯೊ ಒಂದು ದಿನ 0 ಆಗಿ ಇನ್ನೊಂದು ದಿನ 1 ಆಗಿ ಕೂರುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ಡೈರ್‌ವುಲ್ಫ್ ತಪ್ಪು ಕಾರ್ಡಿಗೆ ಕಿವಿಗೊಟ್ಟು ಕೂತಿರುತ್ತದೆ.

ಸ್ಪೀಕರ್ ಔಟ್‌ಪುಟ್ ಮೈಕ್ ಇನ್‌ಪುಟ್ಟಿಗೆ ತೀರಾ ಜೋರು. 10 ಕಿಲೋಓಮ್, 1 ಕಿಲೋಓಮ್ ಎರಡು ರೆಸಿಸ್ಟರಿನ ಡಿವೈಡರ್, ಜೊತೆಗೆ ಸಾಲಿನಲ್ಲಿ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ಯಾಕೆಂದರೆ ಈ ಕಾರ್ಡುಗಳ ಮೈಕ್ ಜಾಕಿನಲ್ಲಿ ಕಂಡೆನ್ಸರ್ ಮೈಕಿಗೆಂದು ಡಿಸಿ ವೋಲ್ಟೇಜ್ ಬರುತ್ತಿರುತ್ತದೆ. ಹಮ್ ಕೇಳಿಸಿದರೆ 600 ಓಮಿನ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಎರಡು ತಂದು ಎರಡೂ ದಿಕ್ಕಿಗೆ ಹಾಕಿಬಿಡಿ, ಗ್ರೌಂಡ್ ಲೂಪಿನ ತಲೆನೋವು ಅಲ್ಲಿಗೆ ಮುಗಿಯಿತು.

ಯುವಿ-5ಆರ್ ಇರುವವರು ಮೆನುವಿನಲ್ಲಿ ಇಷ್ಟು ಮಾಡಿ: 0 ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವುದು) ಸೊನ್ನೆಗೆ, 3 ಬ್ಯಾಟರಿ ಸೇವ್ ಆಫ್, 4 ವಾಕ್ಸ್ (ಸದ್ದು ಕೇಳಿದೊಡನೆ ತಾನೇ ಪ್ರಸಾರ) ಆಫ್, 5 ವೈಡ್, 7 ಡ್ಯುಯಲ್ ವಾಚ್ ಆಫ್, 8 ಬೀಪ್ ಆಫ್, 9 ಟೈಮ್‌ಔಟ್ ಅತಿ ಕಡಿಮೆಗೆ. ಬ್ಯಾಟರಿ ಸೇವ್ ಬಿಟ್ಟಿದ್ದರೆ ರಿಸೀವರ್ ನಡುನಡುವೆ ನಿದ್ದೆ ಹೋಗುತ್ತದೆ, ಒಂದು ಸೆಕೆಂಡಿನ ಪ್ಯಾಕೆಟ್ಟಿಗೆ ಅದು ಏಳುವುದರೊಳಗೆ ಅರ್ಧ ಮುಗಿದಿರುತ್ತದೆ. ಸ್ಕ್ವೆಲ್ಚ್ ತೆರೆದೇ ಇರಬೇಕಾದ್ದೂ ಅದಕ್ಕೇ. ಸುರ್ ಎನ್ನುವ ಗದ್ದಲದ ನಡುವೆ ಪ್ಯಾಕೆಟ್ ಹೆಕ್ಕುವುದು ಡೈರ್‌ವುಲ್ಫ್‌ಗೆ ಕಷ್ಟವೇ ಅಲ್ಲ. ಪೇಟೆಯ ನಡುವೆ, ಎಫ್‌ಎಂ ಪ್ರಸಾರ ಗೋಪುರದ ಹತ್ತಿರ ಇರುವವರಿಗೆ ಅಗ್ಗದ ಹ್ಯಾಂಡಿ ಯಾವುದಾದರೂ ಕಿವುಡಾಗುತ್ತದೆ. 88-108 ತಡೆಯುವ ಫಿಲ್ಟರ್ ಹಾಕಿ, ಇಲ್ಲವೇ ಒಳ್ಳೆಯ ಮೊಬೈಲ್ ಸೆಟ್ಟಿಗೆ ಬದಲಾಗಿ. ಡಿಜಿಪೀಟರ್ ಮಾಡುವುದಾದರಂತೂ ಮೊಬೈಲ್ ಸೆಟ್ಟೇ ಬೇಕು, ಅದೂ 10 ವ್ಯಾಟಿನ ಆಸುಪಾಸಿನಲ್ಲಿ. ಹ್ಯಾಂಡಿಯ ಮೈ ದಿನವಿಡೀ ಆ ಬಿಸಿ ತಾಳುವುದಿಲ್ಲ.

ಪಿಟಿಟಿಗೆ ವಾಕ್ಸ್ ನೆಚ್ಚಬೇಡಿ. ಪ್ಯಾಕೆಟ್ ಮುಗಿದ ಮೇಲೂ ಅದು ಅರ್ಧ ಸೆಕೆಂಡಿನಷ್ಟು ಕ್ಯಾರಿಯರ್ (ಸದ್ದಿಲ್ಲದ ಬರಿಯ ರೇಡಿಯೊ ಅಲೆ) ಹಿಡಿದಿಟ್ಟು ಬೇರೆಯವರ ಉತ್ತರದ ಮೇಲೆ ಕೂರುತ್ತದೆ. ಪೈನ ಜಿಪಿಐಒ (ತಂತ್ರಾಂಶ ಆನ್-ಆಫ್ ಮಾಡಬಲ್ಲ ಪಿನ್) 25ರಿಂದ 330 ಓಮ್ ಮೂಲಕ ಪಿಸಿ817 ಆಪ್ಟೊಕಪ್ಲರ್, ಅದರ ಆಚೆ ಬದಿ ರೇಡಿಯೊ ಪಿಟಿಟಿಯನ್ನು ಗ್ರೌಂಡಿಗೆ ಎಳೆಯುತ್ತದೆ. ಎಲ್‌ಇಡಿಯಲ್ಲಿ 6 ಮಿಲಿಆಂಪ್ ಹರಿಯುತ್ತದೆ, ಅಷ್ಟು ಸಾಕು. 25ನೇ ಪಿನ್ನೇ ಯಾಕೆ? ಪೈ ಆನ್ ಆದ ಕ್ಷಣದಲ್ಲಿ ಜಿಪಿಐಒ 0ರಿಂದ 8ರವರೆಗಿನವು ಪುಲ್-ಅಪ್ (ಆನ್ ಕಡೆಗೆ ಎಳೆದ ಸ್ಥಿತಿ) ಆಗಿರುತ್ತವೆ, 9ರಿಂದ ಮುಂದಿನವು ಪುಲ್-ಡೌನ್ (ಆಫ್ ಕಡೆಗೆ). ಜಿಪಿಐಒ 4ಕ್ಕೆ ಟ್ರಾನ್ಸಿಸ್ಟರ್ ಜೋಡಿಸಿದರೆ ಲಿನಕ್ಸ್ ಎದ್ದು ಡೈರ್‌ವುಲ್ಫ್ ಶುರುವಾಗುವವರೆಗೂ ರೇಡಿಯೊ ಸುಮ್ಮನೆ ಕ್ಯಾರಿಯರ್ ಬಿಡುತ್ತಾ ಕೂರುತ್ತದೆ. ತಂತಿ ಇನ್ನೂ ಕಡಿಮೆ ಬೇಕೆಂದರೆ ಸಿಎಂ108 ಚಿಪ್ಪಿನದೇ ಜಿಪಿಐಒ3 ಕಾಲಿಗೆ ಒಂದು ಟ್ರಾನ್ಸಿಸ್ಟರ್ ಬೆಸುಗೆ ಹಾಕಬಹುದು. ಕಾಲು ಬಲು ಸಣ್ಣದು, ಕೈ ನಡುಗಿದರೆ ಕಾರ್ಡ್ ಹೋಯಿತು. ಯೂಡೆವ್ ನಿಯಮ ಬರೆದು ಅನುಮತಿ ಕೊಡದಿದ್ದರೆ ಅದು ಕೆಲಸವನ್ನೂ ಮಾಡುವುದಿಲ್ಲ.

ಪ್ರಸಾರಕ್ಕಿಳಿದಾಗ ಪಿಟಿಟಿ ಸಿಕ್ಕಿಕೊಂಡು ಬಿಡದಿದ್ದರೆ ಬಹುತೇಕ ಆರ್‌ಎಫ್ ಒಳನುಗ್ಗಿದ್ದೇ ಕಾರಣ. ಪ್ರಸಾರದ ಬಲ ಯುಎಸ್‌ಬಿ ತಂತಿಗೆ ಹತ್ತಿ ಸೌಂಡ್ ಕಾರ್ಡ್ ಬಸ್ಸಿನಿಂದ ಕಳಚಿಬೀಳುತ್ತದೆ, ಡೈರ್‌ವುಲ್ಫ್ ಆಡಿಯೊ ಇನ್‌ಪುಟ್ ವಿಫಲವಾಯಿತು ಎಂದು ಬರೆದು ನಿಂತುಬಿಡುತ್ತದೆ. ಯುಎಸ್‌ಬಿ ತಂತಿಯನ್ನು ಗಿಡ್ಡ ಮಾಡಿ, ಎರಡೂ ತುದಿಗೆ ಫೆರೈಟ್ ಹಾಕಿ, ಆಂಟೆನಾವನ್ನು ಪೈನಿಂದ ಕನಿಷ್ಠ 3 ಮೀಟರ್ ದೂರ ಇಡಿ. ಸಿಸ್ಟಮ್‌ಡಿ ಫೈಲಿನಲ್ಲಿ "ರೀಸ್ಟಾರ್ಟ್" ಯಾವಾಗಲೂ ಎಂದು ಬರೆದು, ಪೈನ ಹಾರ್ಡ್‌ವೇರ್ ವಾಚ್‌ಡಾಗ್ ಕೂಡ ಚಾಲೂ ಮಾಡಿ. ರೇಡಿಯೊದ ಟೈಮ್‌ಔಟ್ ಕೊನೆಯ ಕಾವಲು.

ಪ್ರಸಾರದ ಜೋರು ಹೊಂದಿಸಲು "-ಎಕ್ಸ್" ಆಯ್ಕೆ ಕೊಟ್ಟರೆ ಡೈರ್‌ವುಲ್ಫ್ ಪರೀಕ್ಷಾ ಸ್ವರ ಬಿಡುತ್ತದೆ. ಇನ್ನೊಂದು ರಿಸೀವರಿನಲ್ಲಿ ಕೇಳುತ್ತಾ ಮಟ್ಟ ಏರಿಸಿ. ಎಷ್ಟು ಏರಿಸಿದರೂ ಸದ್ದು ಹೆಚ್ಚದ ಜಾಗ ಬಂದಾಗ ಅಲ್ಲಿಂದ ಸಾಕಷ್ಟು ಕೆಳಗಿಳಿಸಿ. "ಜೋರಾಗಿ ಬಿಟ್ಟರೆ ದೂರ ಹೋಗುತ್ತದೆ" ಎಂಬುದು ತಪ್ಪು ಲೆಕ್ಕ. ಡೀವಿಯೇಷನ್ (ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) ಮಿತಿ ಮೀರಿ ಸ್ವರ ಚಪ್ಪಟೆಯಾದರೆ ಹತ್ತಿರದವರಿಗೂ ಡಿಕೋಡ್ ಆಗುವುದಿಲ್ಲ.

ಕಾನ್ಫಿಗ್ ಫೈಲಿನಲ್ಲಿ ಅತಿ ಹೆಚ್ಚು ತಪ್ಪಾಗುವುದು ಅಕ್ಷಾಂಶ-ರೇಖಾಂಶದಲ್ಲಿ. ಗಾಳಿಯಲ್ಲಿ ಹೋಗುವ ರೂಪ ಡಿಗ್ರಿ ಮತ್ತು ದಶಮಾಂಶ ನಿಮಿಷ. ಬೆಂಗಳೂರಿನ 12.9716, 77.5946 ಎಂಬುದನ್ನು ತೆಗೆದುಕೊಳ್ಳಿ. 0.9716 ಅನ್ನು 60ರಿಂದ ಗುಣಿಸಿದರೆ 58.30, ಅಂದರೆ 12 ಡಿಗ್ರಿ 58.30 ನಿಮಿಷ ಉತ್ತರ, 0.5946ಕ್ಕೆ 35.68, ಅಂದರೆ 77 ಡಿಗ್ರಿ 35.68 ನಿಮಿಷ ಪೂರ್ವ. ಅದೇ 12 ಡಿಗ್ರಿ 58 ನಿಮಿಷ 18 ಸೆಕೆಂಡನ್ನು 58.18 ಎಂದು ಬರೆದವರ ಸ್ಟೇಷನ್ ನಕ್ಷೆಯಲ್ಲಿ 220 ಮೀಟರ್ ದಕ್ಷಿಣಕ್ಕೆ, ಯಾರದೋ ಮನೆಯ ಮೇಲೆ ಕೂರುತ್ತದೆ. ಸರ್ವರ್ ಜಾಗಕ್ಕೆ ಏಷ್ಯಾ.ಎಪಿಆರ್‌ಎಸ್2.ನೆಟ್, ಪೋರ್ಟ್ 14580. ಸ್ಥಿರ ಸ್ಟೇಷನ್ನಿನ ಬೀಕನ್ (ತಾನಿರುವ ಜಾಗ ತಿಳಿಸುವ ಪ್ಯಾಕೆಟ್) ಅರ್ಧ ಗಂಟೆಗೆ ಒಂದು ಸಾಕು, ಬರೀ ಕೇಳುವ ಐಗೇಟ್ ಆದರೆ ಬೀಕನ್ನನ್ನು ಇಂಟರ್ನೆಟ್ಟಿಗಷ್ಟೇ ಕಳುಹಿಸಿ.

ಬೀಕನ್ ಬಗ್ಗೆ ಇಷ್ಟು ಒತ್ತಿ ಹೇಳಲು ಲೆಕ್ಕವೇ ಕಾರಣ. 100 ಬೈಟಿನ ಪ್ಯಾಕೆಟ್ ಅಂದರೆ 800 ಬಿಟ್. 1200 ಬಾಡ್‌ನಲ್ಲಿ 0.67 ಸೆಕೆಂಡ್. ಟಿಎಕ್ಸ್‌ಡಿಲೇ (ಪ್ರಸಾರ ಶುರುವಾಗಿ ಡೇಟಾ ಹೊರಡುವವರೆಗಿನ ಕಾಯುವಿಕೆ) 30 ಎಂದಿದ್ದರೆ ಅದರ ಮುಂದೆ 300 ಮಿಲಿಸೆಕೆಂಡ್. ಒಟ್ಟು ಒಂದು ಸೆಕೆಂಡ್ ಇಡೀ ಊರಿನ ಚಾನೆಲ್ ನಿಮ್ಮದು. ಡಿಜಿಪೀಟರ್ ಅದನ್ನು ಮತ್ತೆ ಬಿಟ್ಟರೆ ಎರಡು ಸೆಕೆಂಡ್. ಹಾಗಾಗಿ ಮನೆಯ ತಾರಸಿಯ ಡಿಜಿಪೀಟರ್ ವೈಡ್1-1ಕ್ಕೆ (ಹತ್ತಿರದ ಚಿಕ್ಕ ಡಿಜಿಪೀಟರ್ ಒಮ್ಮೆ ಮರುಪ್ರಸಾರ ಮಾಡಲಿ ಎಂಬ ಕೋರಿಕೆಗೆ) ಮಾತ್ರ ಉತ್ತರಿಸಲಿ. ಮಾದರಿ ಫೈಲಿನಲ್ಲಿರುವ ಸಾಲು ವೈಡ್2ನ್ನೂ (ಇನ್ನೂ ದೂರ ದಾಟಿಸಿ ಎಂಬ ಕೋರಿಕೆ) ಹಿಡಿಯುತ್ತದೆ, ಅದು ಬೆಟ್ಟದ ಮೇಲಿನ ಸ್ಟೇಷನ್ನಿಗೆ ಸರಿ. ಒಂದೇ ಬಡಾವಣೆಯಲ್ಲಿ ಎರಡು ತಾರಸಿಗಳು ವೈಡ್2 ಹಿಡಿದರೆ ಚಾನೆಲ್ ಕಿಕ್ಕಿರಿಯುತ್ತದೆ, ಕಾರಿನಲ್ಲಿ ಓಡುತ್ತಿರುವವರ ಟ್ರ್ಯಾಕರ್ ಒಳಗೇ ನುಸುಳಲಾಗುವುದಿಲ್ಲ. ಇಂಟರ್ನೆಟ್ಟಿನಿಂದ ಗಾಳಿಗೆ ಬಿಡುವ ಮಿತಿಯನ್ನೂ ಮಾದರಿಯಂತೆ ಒಂದು ನಿಮಿಷಕ್ಕೆ 6, ಐದು ನಿಮಿಷಕ್ಕೆ 10 ಎಂದೇ ಇಟ್ಟುಕೊಳ್ಳಿ. ಹಾಗೆಂದು ಆ ದಾರಿಯನ್ನು ಪೂರ್ತಿ ಮುಚ್ಚಬೇಡಿ. ಸುತ್ತಮುತ್ತ ಎಲ್ಲ ಐಗೇಟ್‌ಗಳೂ ಬರೀ ಕೇಳುವವೇ ಆದರೆ ಸಂದೇಶ ಕಳಿಸಿದವನಿಗೆ ಉತ್ತರ ಗಾಳಿಯಲ್ಲಿ ಬರುವುದೇ ಇಲ್ಲ.

ಮಳೆ, ಕರೆಂಟಿನ ವಿಷಯ. ತಾರಸಿಯ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ನೀರು ಕೋಆಕ್ಸಿನ ಜಾಲರಿ ಹಿಡಿದು ಮೀಟರುಗಟ್ಟಲೆ ಇಳಿಯುತ್ತದೆ, ಮೊದಲ ಲಕ್ಷಣ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಮರಳುವ ಬಲದ ಅಳತೆ) ಏರುವುದಲ್ಲ, ದೂರದ ಸ್ಟೇಷನ್ನುಗಳು ಒಂದೊಂದಾಗಿ ಮಾಯವಾಗುವುದು. ಒಂದಕ್ಕೊಂದು ಬೆಸೆಯುವ ರಬ್ಬರ್ ಟೇಪ್ ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪ್, ಗೋಡೆಯೊಳಗೆ ಬರುವ ಮುಂಚೆ ಕೇಬಲ್ಲಿಗೆ ಕೆಳಮುಖದ ಒಂದು ಬಾಗು. ಆರ್‌ಜಿ-58 ಹತ್ತು ಮೀಟರಿಗೆ ಸುಮಾರು 2 ಡಿಬಿ ತಿನ್ನುತ್ತದೆ, ಅದಕ್ಕಿಂತ ಉದ್ದವಿದ್ದರೆ ದಪ್ಪ ಕೇಬಲ್ಲಿಗೆ ಹೋಗಿ. ಆಂಟೆನಾದ ನಡುಕಡ್ಡಿ 49 ಸೆಂಟಿಮೀಟರ್, 45 ಡಿಗ್ರಿ ಇಳಿಜಾರಿನ ನಾಲ್ಕು ರೇಡಿಯಲ್ ಅದಕ್ಕಿಂತ ತುಸು ಉದ್ದ. ಗುಡುಗು ಕೇಳಿದರೆ ಕೇಬಲ್ ಕಳಚಿ ಹೊರಗಿಡಿ.

ಪೈ ತನ್ನ ಕಷ್ಟ ತಾನೇ ಹೇಳಿಕೊಳ್ಳುತ್ತದೆ: "ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್" ಕೊಟ್ಟಾಗ 0ಎಕ್ಸ್0 ಬಾರದೆ 0ಎಕ್ಸ್50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿದೆ ಎಂದರ್ಥ. ಮೊಬೈಲ್ ಚಾರ್ಜರ್ ಬಿಟ್ಟು 5.1 ವೋಲ್ಟಿನ ಸರಿಯಾದ ಅಡಾಪ್ಟರ್, ದಪ್ಪ ತಂತಿ ಹಾಕಿ. ನಾನು ಕೊನೆಗೆ ನಿಂತದ್ದು 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ, 13.6 ವೋಲ್ಟ್ ಫ್ಲೋಟ್ ಚಾರ್ಜರ್, ನಡುವೆ 12 ವೋಲ್ಟನ್ನು 5ಕ್ಕೆ ಇಳಿಸುವ ಬಕ್ ಕನ್ವರ್ಟರ್. ಅರ್ಧ ಬ್ಯಾಟರಿ ಖರ್ಚು ಮಾಡಿದರೂ ಮೂರು ವ್ಯಾಟಿನ ಪೈ 14 ಗಂಟೆ ಓಡುತ್ತದೆ, ರೇಡಿಯೊ ಲೆಕ್ಕ ಬೇರೆ. ಬಕ್ ಕನ್ವರ್ಟರನ್ನು ಲೋಹದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಅದರದೇ ಗದ್ದಲ 2 ಮೀಟರ್ ಬ್ಯಾಂಡಿನಲ್ಲಿ ಕೇಳುತ್ತದೆ. ಲಾಗ್ ಫೈಲುಗಳನ್ನು ರ‍್ಯಾಮಿನಲ್ಲಿ ಬರೆಸಿ. ಎಸ್‌ಡಿ ಕಾರ್ಡಿಗೆ ಸದಾ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ.

ಅರ್ಧ ಅಂಕ ಕಳೆದದ್ದಕ್ಕೆ ಕಾರಣ ಎರಡು. ಸೆಟಪ್ ಎಲ್ಲ ಪಠ್ಯ ಫೈಲಿನಲ್ಲೇ, ಲಿನಕ್ಸ್ ಮುಟ್ಟದವರಿಗೆ ಮೊದಲ ವಾರ ಕಷ್ಟ. ಕೈಪಿಡಿ ಮಾತ್ರ ಬಲು ಸೊಗಸಾಗಿದೆ, ಓದಿದವರಿಗೆ ಆ ವಾರ ಎರಡು ದಿನಕ್ಕಿಳಿಯುತ್ತದೆ. ಎರಡನೆಯದು ಪೈನ ಅಪ್‌ಡೇಟ್. 6.6 ಕರ್ನಲ್ (ಲಿನಕ್ಸಿನ ತಿರುಳು) ಬಂದ ಮೇಲೆ ಪಿನ್ನುಗಳನ್ನು ನಡೆಸುವ ಹಳೆಯ ದಾರಿಯಲ್ಲಿ (ಸಿಸ್‌ಎಫ್‌ಎಸ್) ಜಿಪಿಐಒ ಎಣಿಕೆ 512ರಿಂದ ಶುರುವಾಗುತ್ತದೆ, ಹಾಗಾಗಿ 25 ಎಂದು ಬರೆದಿದ್ದ ಸ್ಟೇಷನ್ ಅಪ್‌ಡೇಟ್ ಆದ ಮರುದಿನ ಕೇಳುತ್ತದೆ, ಮಾತಾಡುವುದಿಲ್ಲ. ಓಡುತ್ತಿರುವ ಎಸ್‌ಡಿ ಕಾರ್ಡಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳದೆ ಅಪ್‌ಡೇಟ್ ಮಾಡಬೇಡಿ.

ಲೋರಾ (ಕಡಿಮೆ ಬಲದಲ್ಲಿ ದೂರ ಹೋಗುವ ಇನ್ನೊಂದು ರೇಡಿಯೊ ವಿಧಾನ) ಎಪಿಆರ್‌ಎಸ್ ಅಗ್ಗ, ಪುಟ್ಟದು, ಅದನ್ನೇ ತರಲೇ ಎಂದು ಹಲವರು ಕೇಳುತ್ತಾರೆ. ಬೋರ್ಡ್ ಚೆನ್ನಾಗಿವೆ. ಆದರೆ ಅವುಗಳಲ್ಲಿ ತುಂಬುವ ತಂತ್ರಾಂಶ ಸಾಮಾನ್ಯವಾಗಿ ಯುರೋಪಿನ 433.775 ಮೆಗಾಹರ್ಟ್ಸ್ ಹೊತ್ತು ಬರುತ್ತದೆ. ಭಾರತದಲ್ಲಿ ಹ್ಯಾಮ್‌ಗಳ 70 ಸೆಂಟಿಮೀಟರ್ ಬ್ಯಾಂಡ್ 434ರಿಂದ 438. ಆಂಟೆನಾ ಜೋಡಿಸುವ ಮೊದಲೇ ಆ ಸಂಖ್ಯೆ ಬದಲಿಸಿ.