ಡಬ್ಬಿ, ಪಾಯಿಂಟ್ಸ್, ಜೋಡಿ: ಮೂರು ಕಡೆ ದುಡ್ಡಿನ ದಾರಿ ಹಿಡಿದು ನೋಡಿದಾಗ

‘ಮನೆಯಲ್ಲೇ ಇದ್ದು ಸಂಪಾದನೆ ಮಾಡಿ’ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಮುಂದಿನ ತಿಂಗಳು ಹೊಸಬರು ಒಬ್ಬರೂ ಸೇರದಿದ್ದರೆ ನನಗೆ ದುಡ್ಡು ಬರುತ್ತಾ? ಇದಕ್ಕೆ ಸಿಗುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ನೇರ ಮಾರಾಟ, ಅಂದರೆ ಅಂಗಡಿ ಇಲ್ಲದೆ ಜನರ ಕೈಗೇ ಮಾಲು ಮಾರುವುದು, ಕಾನೂನುಬದ್ಧ. ಪಿರಮಿಡ್ ಸ್ಕೀಮ್, ಅಂದರೆ ಹೊಸಬರು ಕಟ್ಟಿದ ದುಡ್ಡನ್ನೇ ಹಳಬರಿಗೆ ಹಂಚುವುದು, ಅಪರಾಧ. ಆದರೆ ಎರಡನ್ನೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಪರಿಚಯದವರೇ ಕರೆಯುತ್ತಾರೆ, ಎರಡರಲ್ಲೂ ಏನೋ ಒಂದು ವಸ್ತು ಇರುತ್ತದೆ, ಎರಡರಲ್ಲೂ ಕಮಿಷನ್ ಇರುತ್ತದೆ.

ದಾವಣಗೆರೆಯಲ್ಲಿ ಇಂಥ ಮೂರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎರಡನ್ನು ನಾನೇ ಮಾಡಿದೆ. ಮೂರನೆಯದಕ್ಕೆ ದುಡ್ಡು ಕಟ್ಟಿದ್ದು ನನ್ನ ಮೈದುನ. ಅವನ ಜೊತೆ ಮೀಟಿಂಗಿಗೆ ಹೋಗಿ, ಅವನ ಫೋನಿನಲ್ಲಿದ್ದ ಲೆಕ್ಕವನ್ನೆಲ್ಲ ಬಿಡಿಸಿ ನೋಡಿದ್ದು ನಾನು. ಕಂಪನಿಗಳ ಹೆಸರು ಬರೆಯುವುದಿಲ್ಲ, ನನಗೆ ಮುಖ್ಯವಾದದ್ದು ಲೆಕ್ಕ.

ಮೊದಲನೆಯದು ಅಡುಗೆಮನೆ ಡಬ್ಬಿಗಳು. ಇಲ್ಲಿ ಸೇರಿಸಿದವರು ಮೇಲೆ, ಸೇರಿದವರು ಕೆಳಗೆ ಅಂತ ಏನೂ ಇಲ್ಲ. ಕ್ಯಾಟಲಾಗಿನಲ್ಲಿ ₹1,000 ಇರುವ ಸೆಟ್ ನನಗೆ ₹750ಕ್ಕೆ ಬರುತ್ತದೆ. ಮಾರಿದರೆ ₹250 ನನ್ನದು, ಮಾರದಿದ್ದರೆ ಏನೂ ಇಲ್ಲ. ಯಾರದ್ದಾದರೂ ಮನೆಯಲ್ಲಿ ಅಕ್ಕಪಕ್ಕದವರನ್ನು ಕೂರಿಸಿ, ಡಬ್ಬಿಗೆ ನೀರು ತುಂಬಿ, ಮುಚ್ಚಳದ ನಡುವೆ ಒತ್ತಿ ಗಾಳಿ ಬಿಟ್ಟು, ಒಂದು ಮೂಲೆಯಿಂದ ಅಂಚು ಒತ್ತುತ್ತಾ ಬಂದು, ಆಮೇಲೆ ತಲೆಕೆಳಗು ಮಾಡಿ ತೋರಿಸಬೇಕು. ಒಂದು ಹನಿ ಸೋರಿದರೂ ಆವತ್ತಿನ ವ್ಯಾಪಾರ ಮುಗಿಯಿತು. ಸೋರದಿದ್ದರೆ ‘ಆ ನೀಲಿದು ಕೊಡಿ’ ಅಂತ ಒಬ್ಬರು ಶುರು ಮಾಡುತ್ತಾರೆ.

ಕಷ್ಟ ಇಲ್ಲವೆಂದಲ್ಲ. ‘ಅಕ್ಕಾ, ಸಂಬಳ ಆದ್ಮೇಲೆ ಕೊಡ್ತೀನಿ’ ಅನ್ನುವವರೇ ಜಾಸ್ತಿ. ಬಾಕಿ ವಸೂಲಿಗೆ ಓಡಾಡಬೇಕು, ಮನೆ ಬಿಟ್ಟುಕೊಟ್ಟವರಿಗೆ ಒಂದು ಉಡುಗೊರೆ ಕೊಡಬೇಕು, ಆಟೋ ಖರ್ಚು ಬೇರೆ. ಎಲ್ಲ ಕಳೆದು ಒಳ್ಳೆಯ ತಿಂಗಳಲ್ಲಿ ಎರಡು ಮೂರು ಸಾವಿರ ಉಳಿಯುತ್ತದೆ. ದೊಡ್ಡ ದುಡ್ಡಲ್ಲ. ಆದರೆ ಅದರ ಒಂದೊಂದು ರೂಪಾಯಿಯೂ ಡಬ್ಬಿ ಬೇಕು ಅಂತ ಕೊಂಡವರ ಕೈಯಿಂದ ಬಂದದ್ದು. ನಮ್ಮ ದೇಶಕ್ಕೆ ಈ ಪದ್ಧತಿ ಹೊಸದೇನೂ ಅಲ್ಲ. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್‌ನ ಹುಡುಗರು ಟೈ ಕಟ್ಟಿಕೊಂಡು ಮನೆ ಮನೆಗೆ ಬಂದು ವ್ಯಾಕ್ಯೂಮ್ ಕ್ಲೀನರ್ ಓಡಿಸಿ ತೋರಿಸುತ್ತಿದ್ದದ್ದು ಹಳಬರಿಗೆ ನೆನಪಿರುತ್ತದೆ.

ಎರಡನೆಯದು ಸೋಪು, ಟೂತ್‌ಪೇಸ್ಟ್, ಪ್ರೋಟೀನ್ ಪೌಡರ್ ಮಾರುವ ನೆಟ್‌ವರ್ಕ್ ಕಂಪನಿ. ಇದನ್ನು ಅಳೆಯುವುದು ಸುಲಭವಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೇರಲು ದುಡ್ಡು ಕೇಳಲಿಲ್ಲ. ಆಧಾರ್, ಪ್ಯಾನ್ ಕೊಟ್ಟೆ, ಐಡಿ ಬಂತು, ಒಪ್ಪಂದದ ಪ್ರತಿ ಸಿಕ್ಕಿತು. ನಾನು ಮಾರಿದ್ದಕ್ಕೆ ಲಾಭ ನನಗೆ. ನಾನು ಸೇರಿಸಿದವರು ಮಾರಿದರೆ ಆ ಮಾಲಿನ ಪಾಯಿಂಟ್ಸ್ (ಒಂದೊಂದು ವಸ್ತುವಿಗೂ ಕಂಪನಿ ಇಟ್ಟ ಅಂಕ) ಲೆಕ್ಕದಲ್ಲಿ ನನಗೂ ಒಂದು ಪಾಲು. ಬರೀ ಸೇರಿಸಿದ್ದಕ್ಕೆ ಒಂದು ಪೈಸೆಯೂ ಇಲ್ಲ. ಕಾಗದದ ಮೇಲೆ ಇದು ಸರಿಯಾಗೇ ಇದೆ. ಮಾಲು ವಾಪಸ್ ತಗೊಳ್ತಾರಾ ಅಂತ ನೋಡಲೆಂದೇ ಸೀಲ್ ಒಡೆಯದ ಒಂದು ಪ್ರೋಟೀನ್ ಡಬ್ಬ ಹಿಂದಿರುಗಿಸಿದೆ. ತಕರಾರಿಲ್ಲದೆ ದುಡ್ಡು ಖಾತೆಗೆ ಬಂತು.

ಆದರೆ ನನ್ನ ಬಿಲ್ಲುಗಳನ್ನು ಹರಡಿಕೊಂಡು ಕೂತಾಗ ಬೇರೆ ಒಂದು ವಿಷಯ ಕಂಡಿತು. ಐಡಿ ಇಲ್ಲದೆ, ಸುಮ್ನೆ ಅಂಗಡಿಯಿಂದ ಕೊಳ್ಳುವ ಹಾಗೆ ಕೊಂಡವರು ತೀರಾ ಕಡಿಮೆ. ಬಟ್ಟೆ ಒಗೆಯುವ ಲಿಕ್ವಿಡ್ ಮಾತ್ರ ಜನ ಕೇಳಿ ತಗೊಂಡರು. ಉಳಿದ ಮಾಲೆಲ್ಲ ಕೊಂಡದ್ದು ನನ್ನ ಕೆಳಗಿನವರೇ. ಯಾಕೆ? ಕಮಿಷನ್ ಸಿಗಬೇಕಾದರೆ ಆ ತಿಂಗಳು ‘ಆಕ್ಟಿವ್’ ಇರಬೇಕು, ಅಂದರೆ ಇಂತಿಷ್ಟು ಪಾಯಿಂಟ್ಸ್ ಮಾಲು ಕೊಂಡಿರಬೇಕು. ತಿಂಗಳ ಕೊನೆಯ ವಾರ ಮೇಲಿನವರಿಂದ ಫೋನ್ ಮೇಲೆ ಫೋನ್. ಹೀಗೆ ಕೊಂಡ ಟೂತ್‌ಪೇಸ್ಟ್ ಒಬ್ಬರ ಬೀರುವಿನಲ್ಲಿ ಸಾಲಾಗಿ ಕೂತಿತ್ತು. ಅವರು ಗ್ರಾಹಕರೂ ಅಲ್ಲ, ಮಾರಾಟಗಾರರೂ ಅಲ್ಲ. ಕಮಿಷನ್ ಆಸೆಗೆ ಕೊಂಡವರು.

ಬೇರೆ ದೇಶಗಳಲ್ಲೂ ಕಾನೂನು ಎಡವಿದ್ದು, ಎದ್ದದ್ದು ಇಲ್ಲೇ. 1979ರಲ್ಲಿ ಅಮೆರಿಕದಲ್ಲಿ ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್, ಇಂಥದ್ದೇ ನೆಟ್‌ವರ್ಕ್ ಕಂಪನಿಯಾದ ಆಮ್ವೇ ಪಿರಮಿಡ್ ಅಲ್ಲ ಅಂತ ಹೇಳಿತು. ಸುಮ್ನೆ ಹೇಳಲಿಲ್ಲ. ಮಾರದೆ ಉಳಿದ ಮಾಲು ವಾಪಸ್ ತಗೊಳ್ಳುವ ನಿಯಮ, ಕೊಂಡದ್ದರಲ್ಲಿ 70% ಆದರೂ ಆ ತಿಂಗಳು ಮಾರಿರಬೇಕು ಅನ್ನುವ ನಿಯಮ, ತಿಂಗಳಿಗೆ 10 ಚಿಲ್ಲರೆ ಗ್ರಾಹಕರಿಗೆ ಮಾರಬೇಕು ಅನ್ನುವ ನಿಯಮ, ಇವೆಲ್ಲ ಇವೆ ಅಂತ ನೋಡಿ ಹೇಳಿತು. ಅದೇ ತೀರ್ಪಿನಲ್ಲಿ, ಗಳಿಕೆ ಬಗ್ಗೆ ಉತ್ಪ್ರೇಕ್ಷೆ ಮಾಡಬೇಡಿ ಅಂತಲೂ ಆದೇಶಿಸಿತು. 2016ರಲ್ಲಿ ಇನ್ನೊಂದು ನೆಟ್‌ವರ್ಕ್ ಕಂಪನಿ ಹರ್ಬಲೈಫ್ ಇದೇ ಕಮಿಷನ್ ಜೊತೆ 20 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಾಗಲೂ ಮುಖ್ಯ ಷರತ್ತು ಇದೇ ಆಗಿತ್ತು: ಕಮಿಷನ್ ಕೊಡುವುದು ನಿಜವಾದ ಮಾರಾಟ ನೋಡಿ ಆಗಬೇಕು. ನಮ್ಮಲ್ಲಿ 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವಂಚನೆಯ ಆರೋಪದ ಮೇಲೆ ಆಮ್ವೇ ಇಂಡಿಯಾದ ₹757 ಕೋಟಿಗೂ ಹೆಚ್ಚಿನ ಆಸ್ತಿ ಜಪ್ತಿ ಮಾಡಿತು. ಅದು ಆರೋಪ, ಕಂಪನಿ ಒಪ್ಪಿಲ್ಲ. ಆದರೆ ಇಲ್ಲಿ ಗೆರೆ ಎಷ್ಟು ತೆಳು ಅಂತ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ನನ್ನ ಮೇಲಿನವರು ‘ಈ ಪೌಡರ್ ಕುಡಿದ್ರೆ ಶುಗರ್ ಹೋಗುತ್ತೆ ಅಂತ ಹೇಳಿ’ ಅಂದರು. ನಾನು ಹೇಳಲಿಲ್ಲ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತ ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು.

ಮೂರನೆಯದು ‘ಜೋಡಿ’ ಸ್ಕೀಮ್. ಮೈದುನ ಬಂದು, ‘ಅತ್ತಿಗೆ, ₹12,000 ಒಂದೇ ಸಲ ಕಟ್ಟಿದ್ರೆ ಸಾಕು, ಆಮೇಲೆ ವಾರ ವಾರ ಬರುತ್ತೆ’ ಅಂದಾಗಲೇ ಅವನು ಕಟ್ಟಿಯಾಗಿತ್ತು. ಆ ₹12,000ಕ್ಕೆ ಒಂದು ಸೂಟ್ ಬಟ್ಟೆ ಕೊಟ್ಟಿದ್ದರು, ಚಂದದ ಪೆಟ್ಟಿಗೆಯಲ್ಲಿ. ಅದನ್ನು ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಗೆ ತಗೊಂಡು ಹೋದೆ. ಅಂಗಡಿಯವರು ಅಂಚಿನ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರು. ಎಳೆ ಸುರುಟಿ ಕಪ್ಪು ಮಣಿಯಾಯಿತು. ‘ಪಾಲಿಯೆಸ್ಟರ್ ಇದು ಮೇಡಂ, ಸಾವಿರದ ಒಳಗಿನ ಮಾಲು’ ಅಂದರು.

ಹಾಗಾದರೆ ಉಳಿದ ₹11,000 ಎಲ್ಲಿ ಹೋಗುತ್ತದೆ? ಮೊದಲೇ ಸೇರಿದವರಿಗೆ. ನಿಮ್ಮ ಕೆಳಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಸೇರಿದರೆ ಒಂದು ಜೋಡಿ, ಅದಕ್ಕೆ ₹2,000. ಕಟ್ಟಿದ ದುಡ್ಡು ವಾಪಸ್ ಬರಲು ಆರು ಜೋಡಿ, ಅಂದರೆ ಕೆಳಗೆ ಹನ್ನೆರಡು ಜನ ಬೇಕು. ಮೀಟಿಂಗಿನಲ್ಲಿ ‘ಹನ್ನೆರಡು ಜನ ಏನು ಮಹಾ’ ಅಂದರು. ನಾನು ನೋಟ್‌ಬುಕ್ಕಿನಲ್ಲಿ ಮರ ಬರೆದೆ. ಒಬ್ಬರ ಕೆಳಗೆ ಇಬ್ಬರು, ಅವರ ಕೆಳಗೆ ನಾಲ್ವರು, ಅವರ ಕೆಳಗೆ ಎಂಟು. ಎಲ್ಲರೂ ಒಂದು ದಿನವೂ ತಪ್ಪದೆ ದುಡಿದು ಮರ ಪೂರ್ತಿ ತುಂಬಿದರೂ ಕೊನೆಯ ಸಾಲಿನವರ ಕೆಳಗೆ ಯಾರೂ ಇಲ್ಲ. ಅದರ ಮೇಲಿನ ಸಾಲಿಗೆ ಒಂದು ಜೋಡಿ, ಅದರ ಮೇಲಿನದಕ್ಕೆ ಮೂರು. ಈ ಮೂರು ಸಾಲುಗಳೇ ಸೇರಿದರೆ ಇಡೀ ಮರದ ಎಂಟರಲ್ಲಿ ಏಳು ಭಾಗ. ಅಂದರೆ ಎಂಟು ಜನರಲ್ಲಿ ಏಳು ಜನಕ್ಕೆ ನಷ್ಟ. ಯಾರೂ ಸೋಮಾರಿಗಳಲ್ಲ, ಯಾರೂ ‘ನೆಗೆಟಿವ್ ಥಿಂಕಿಂಗ್’ ಮಾಡಿದವರಲ್ಲ. ಮರದ ಆಕಾರವೇ ಹಾಗೆ.

ಒಬ್ಬರು ಆರು ಜನರನ್ನು ಸೇರಿಸುವ ಸ್ಕೀಮಾದರೆ ಇನ್ನೂ ಬೇಗ ಮುಗಿಯುತ್ತದೆ. ಹತ್ತನೇ ಸಾಲಿಗೆ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಇದ್ದದ್ದು 6.11 ಕೋಟಿ. ಹಸುಗೂಸುಗಳನ್ನೂ ಸೇರಿಸಿ.

ಮೈದುನ ದುಡ್ಡು ವಾಪಸ್ ಕೇಳಿದಾಗ ಅವನನ್ನು ಸೇರಿಸಿದವನು ಹೇಳಿದ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ‘ನಿನ್ನ ಬದಲು ಇನ್ನೊಬ್ಬನನ್ನ ಕರ್ಕೊಂಡು ಬಾ, ಅವನು ಕಟ್ಟೋ ದುಡ್ಡನ್ನ ನೀನು ಇಟ್ಕೋ.’ ಅಂದರೆ ನಿನಗಾದ ಗಾಯವನ್ನು ಗೆಳೆಯನಿಗೆ ದಾಟಿಸು. ಮೈದುನ ಒಪ್ಪಲಿಲ್ಲ. ದೂರು ಕೊಟ್ಟಿದ್ದಾನೆ, ದುಡ್ಡು ಇನ್ನೂ ಬಂದಿಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟು ಆ ಮೊದಲ ಪ್ರಶ್ನೆ ಕೇಳಿ. ಹೊಸಬರು ಸೇರುವುದು ನಿಂತರೆ ಡಬ್ಬಿ ವ್ಯಾಪಾರಕ್ಕೆ ಏನೂ ಆಗುವುದಿಲ್ಲ. ಸೋಪಿನ ಕಂಪನಿಯಲ್ಲಿ ಮೇಲಿನವರ ಆದಾಯ ಕುಸಿಯುತ್ತದೆ, ಆದರೆ ಲಿಕ್ವಿಡ್ ಕೊಳ್ಳುವವರು ಕೊಳ್ಳುತ್ತಾರೆ. ಜೋಡಿ ಸ್ಕೀಮ್ ಆ ವಾರವೇ ಬಿದ್ದು ಹೋಗುತ್ತದೆ, ಯಾಕೆಂದರೆ ₹12,000 ಕೊಟ್ಟು ಆ ಬಟ್ಟೆಯನ್ನು ಬಟ್ಟೆಗಾಗಿ ಕೊಳ್ಳುವವರು ಊರಲ್ಲಿ ಒಬ್ಬರೂ ಇಲ್ಲ.

ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ 2021ರ ಡಿಸೆಂಬರ್ 28ರಂದು ಬಂದ ನೇರ ಮಾರಾಟದ ನಿಯಮಗಳು ಇದನ್ನೇ ಕಟ್ಟುನಿಟ್ಟು ಮಾಡಿವೆ. ಸೇರಲು ಶುಲ್ಕ ತಗೊಳ್ಳುವಂತಿಲ್ಲ. ಲಿಖಿತ ಒಪ್ಪಂದ ಇರಬೇಕು. ಸಹಿ ಹಾಕಿದ ಮೇಲೂ ದಂಡ ಇಲ್ಲದೆ ಹಿಂದೆ ಸರಿಯಲು ಸಮಯ ಕೊಡಬೇಕು. ಮನೆಗೆ ಬರುವವರು ಮೊದಲೇ ಹೇಳಿ, ಗುರುತಿನ ಚೀಟಿ ಹಿಡಿದು ಬರಬೇಕು. ಪಿರಮಿಡ್ ಮತ್ತು ಹಣ ಚಲಾವಣೆ (ಸದಸ್ಯರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ) ಸ್ಕೀಮುಗಳಿಗೆ ಪೂರ್ತಿ ನಿಷೇಧ. ಹಣ ಚಲಾವಣೆ ಸ್ಕೀಮನ್ನು 1978ರ ಕಾಯ್ದೆ ಆಗಲೇ ನಿಷೇಧಿಸಿತ್ತು, ಶಿಕ್ಷೆ 3 ವರ್ಷದವರೆಗೆ ಜೈಲು. ಆ ಕಾಯ್ದೆ ನಡೆಸುವವರಿಗೆ ಮಾತ್ರ ಅಲ್ಲ, ಅದರಲ್ಲಿ ಸದಸ್ಯರಾಗಿ ಭಾಗವಹಿಸುವುದನ್ನೂ ನಿಷೇಧಿಸುತ್ತದೆ. ಸೇರುವ ಮೊದಲು, ಅದರಲ್ಲೂ ಸೊಸೆ, ತಂಗಿ, ಗೆಳತಿಯರನ್ನು ಸೇರಿಸುವ ಮೊದಲು ಇದು ಗೊತ್ತಿರಲಿ.

ನಾನು ಡಬ್ಬಿ ಮಾರುವುದನ್ನು ಮುಂದುವರಿಸಿದ್ದೇನೆ. ಸೋಪಿನ ಕಂಪನಿಯಲ್ಲಿ ಯಾರನ್ನೂ ಸೇರಿಸುವುದಿಲ್ಲ. ಬಟ್ಟೆ ಒಗೆಯುವ ಲಿಕ್ವಿಡ್ ಚೆನ್ನಾಗಿದೆ, ಅದನ್ನು ಮನೆಗೆ ತರಿಸುತ್ತೇನೆ, ಅಷ್ಟೇ.

ಜೋಡಿ ಥರದ ಸ್ಕೀಮಿಗೆ ಈಗಾಗಲೇ ದುಡ್ಡು ಕಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಯಲ್ಲೂ ಬರೆದು ಕೊಡಿ. ಅದಕ್ಕೂ ಮೊದಲು ಒಂದು ಕೆಲಸ ಇವತ್ತೇ ಮಾಡಿ: ಆ್ಯಪಿನಲ್ಲಿ ನಿಮ್ಮ ಐಡಿ, ಎಡ ಬಲದ ಪಟ್ಟಿ, ದುಡ್ಡು ಕಳಿಸಿದ ರಸೀದಿ, ಸೇರಿಸಿದವರ ಮೆಸೇಜು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿಟ್ಟುಕೊಳ್ಳಿ. ಮೈದುನನ ಆ್ಯಪ್ ದೂರು ಕೊಟ್ಟ ಮೇಲೆ ತೆರೆಯಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆದ ಲೆಕ್ಕ ಮತ್ತು ಬ್ಯಾಂಕಿನ ಸ್ಟೇಟ್‌ಮೆಂಟ್, ಈಗ ಅವನ ಕೈಲಿರುವ ಸಾಕ್ಷಿ ಇವೆರಡೇ.