ಗೇಮ್ ಬಾಯ್ ಪ್ಲೇಯರ್‌ಗೆ ಮೂಲ ಡಿಸ್ಕೋ, ಜಿಬಿಐಯೋ?

ಗಲ್ಫಿನಿಂದ ಬಂದ ಭಾವ ಹಳೆಯ ಗೇಮ್‌ಕ್ಯೂಬ್, ಅಂದರೆ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರ, ತಂದುಕೊಟ್ಟರು. ಅಡಿಯಲ್ಲಿ ಗೇಮ್ ಬಾಯ್ ಪ್ಲೇಯರ್ ಇತ್ತು, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಆಟಗಳನ್ನು ಟಿವಿಯಲ್ಲಿ ಆಡಿಸುವ ಅಡಾಪ್ಟರ್. ಅದನ್ನು ಓಡಿಸುವ ಡಿಸ್ಕ್ ಇರಲಿಲ್ಲ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಸಾಮಾನು ಬರುವುದೇ ಹೀಗೆ ಅಲ್ವಾ?

2003ರಲ್ಲಿ ನಿಂಟೆಂಡೊ ತಂದ ಈ ಅಡಾಪ್ಟರ್ ಎಮ್ಯುಲೇಟರ್ (ಸಾಫ್ಟ್‌ವೇರ್‌ನಿಂದಲೇ ಇನ್ನೊಂದು ಯಂತ್ರವನ್ನು ಅನುಕರಿಸುವುದು) ಅಲ್ಲ. ಒಳಗೆ ನಿಜವಾದ ಗೇಮ್ ಬಾಯ್ ಅಡ್ವಾನ್ಸ್ ಹಾರ್ಡ್‌ವೇರ್ ಇದೆ. ಅದನ್ನು ಎಬ್ಬಿಸಲು ಸಾಫ್ಟ್‌ವೇರ್ ಬೇಕು, ಅಷ್ಟೇ.

ಮೂಲ ಡಿಸ್ಕ್ ಹಾಕಿದರೆ ಆಟ ಶುರು. ಮಕ್ಕಳಿಗೂ ಸುಲಭ. ಆದರೆ ಹಳೆಯ ಡಿಸ್ಕ್ ದುಬಾರಿ, ಚಿತ್ರ ಸ್ವಲ್ಪ ಮಸುಕು, ಬಟನ್ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ತುಸು ತಡ.

ಗೇಮ್ ಬಾಯ್ ಇಂಟರ್‌ಫೇಸ್, ಅಂದರೆ ಜಿಬಿಐ, ಹವ್ಯಾಸಿಗಳು ಮಾಡಿದ ಉಚಿತ ಸಾಫ್ಟ್‌ವೇರ್. ಆ ತಡ ಇದರಲ್ಲಿ ತುಂಬಾ ಕಡಿಮೆ. ತೀರಾ ಕಡಿಮೆ ಬೇಕೆಂದರೆ ಅದಕ್ಕೇ ಬೇರೆ ಆವೃತ್ತಿ ಇದೆ. ಹಳೆಯ ಆಟದ ಯಂತ್ರಗಳ ಹಾಗೆ 240 ಗೆರೆಗಳ (240ಪಿ) ಚಿತ್ರ ಕೊಡುವುದರಿಂದ ಅಜ್ಜನ ಮನೆಯ ಡಬ್ಬಾ ಟಿವಿಯಲ್ಲಿ ಒಂದೊಂದು ಚುಕ್ಕೆಯೂ ಸ್ಪಷ್ಟ. ನೋಡಿ ನನಗೆ ಕಣ್ಣು ತುಂಬಿತು.

ಕಷ್ಟ ಇರುವುದು ಅದನ್ನು ಓಡಿಸುವುದರಲ್ಲಿ. ಎಸ್‌ಡಿ ಕಾರ್ಡ್ ಅಡಾಪ್ಟರ್ ಬೇಕು. ಮೊದಲು, ಕಾರ್ಡಿನಲ್ಲಿರುವ ಜಿಬಿಐಯನ್ನು ಶುರು ಮಾಡಿಸುವ ಸ್ವಿಸ್ ಎಂಬ ಪ್ರೋಗ್ರಾಂ ತೆರೆಯಬೇಕು. ಅದಕ್ಕೆ ಆಕ್ಷನ್ ರಿಪ್ಲೇ ಎಂಬ ಚೀಟ್ ಕೋಡ್ ಡಿಸ್ಕ್, ಇಲ್ಲವೇ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡನ್ನು ಗೇಮ್‌ಕ್ಯೂಬ್ ಒಳಗೆ ಬೆಸುಗೆ ಹಾಕುವ ಪಿಕೊಬೂಟ್. ಬೆಸುಗೆ ಗೊತ್ತಿಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ, ರೇಡಿಯೊ ರಿಪೇರಿಯವರ ಹತ್ತಿರ ಕೊಡಿ. ಎಸ್‌ಡಿ ಅಡಾಪ್ಟರ್ ಕೊಳ್ಳುವ ಮೊದಲು ಗೇಮ್‌ಕ್ಯೂಬ್‌ನ ಮಾಡೆಲ್ ನಂಬರ್ ನೋಡಿ: ಡಿಒಎಲ್-101ರಲ್ಲಿ ಕೆಲವು ಅಡಾಪ್ಟರ್ ಕೂರುವ ಸೀರಿಯಲ್ ಪೋರ್ಟ್ 2 ಇಲ್ಲ, ಅದಕ್ಕೆ ಮೆಮೊರಿ ಕಾರ್ಡ್ ಜಾಗಕ್ಕೆ ಕೂರುವ ಅಡಾಪ್ಟರ್ ತೆಗೆದುಕೊಳ್ಳಿ.

ಡಿಸ್ಕ್ ಕೈಯಲ್ಲಿದ್ದು ಅಪರೂಪಕ್ಕೆ ಆಡುವವರಿಗೆ ಅದೇ ಸಾಕು. ಡಿಸ್ಕ್ ಇಲ್ಲದವರು ಅದಕ್ಕೆ ದುಡ್ಡು ಸುರಿಯಬೇಡಿ, ಜಿಬಿಐ ಹಾಕಿ.